ಶಾಂತಿಯ ಫೀಲ್ಡ್‌ವರ್ಕ್ ಮತ್ತು ವಿಶ್ವವಿದ್ಯಾಲಯದ ಪಾಠ: ಎರಡನ್ನೂ ಒಟ್ಟಿಗೆ ಮಾಡಬೇಕು ಅನ್ನುವವರಿಗೆ

"ಮೇಡಂ, ಗಲಭೆ ಆದ ಊರುಗಳಲ್ಲಿ ಕೆಲಸ ಮಾಡಬೇಕು ಅಂತ ಆಸೆ. ಪಾಠ ಮಾಡೋದೂ ಇಷ್ಟ. ಎರಡೂ ಒಟ್ಟಿಗೆ ಆಗುತ್ತಾ?" ಎಂ.ಎ. ಕೊನೆಯ ಸೆಮಿಸ್ಟರ್ ಬಂತೆಂದರೆ ಈ ಪ್ರಶ್ನೆ ಹಿಡಿದು ಒಬ್ಬಿಬ್ಬರಾದರೂ ಬಂದೇ ಬರುತ್ತಾರೆ. ಆಗುತ್ತದೆ. ಸುಲಭ ಅಲ್ಲ, ಆದರೆ ದಾರಿ ಇದೆ. ಯಾವ ಡಿಗ್ರಿ, ಯಾವ ಪರೀಕ್ಷೆ, ಯಾವ ಊರು, ರಜೆ ಎಲ್ಲಿಂದ, ದುಡ್ಡು ಎಲ್ಲಿಂದ ಎಂಬುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಎರಡೂ ಯಾಕೆ ಒಟ್ಟಿಗೆ ಬೇಕು

ಗಲಭೆ ಆದ ಊರಿಗೆ ಮೊದಲು ಪೊಲೀಸರು ಬರುತ್ತಾರೆ. ಹಿಂದೆಯೇ ಟಿವಿಯವರು, ಆಮೇಲೆ ಎನ್‌ಜಿಓಗಳು. ಎನ್‌ಜಿಓ ಪ್ರಾಜೆಕ್ಟ್ ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ದುಡ್ಡು ಮುಗಿದರೆ ಆಫೀಸು ಮುಚ್ಚುತ್ತದೆ. ಅಲ್ಲಿ ದುಡಿಯುವವರಿಗೆ ಮನಸ್ಸಿಲ್ಲ ಅಂತಲ್ಲ, ಅವರ ಸಂಬಳ ಆ ಪ್ರಾಜೆಕ್ಟ್ ಮೇಲೆ ನಿಂತಿರುತ್ತದೆ. ಅಕ್ಕಪಕ್ಕದ ಊರುಗಳ ನಡುವಿನ ಅಪನಂಬಿಕೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸ ಇರುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲ ಇದೆ. ಸಂಬಳ ಬೇರೆ ಕಡೆಯಿಂದ ಬರುತ್ತದೆ, ಹಾಗಾಗಿ ಒಂದೇ ಊರಿಗೆ ಇಪ್ಪತ್ತು ವರ್ಷ ಹೋಗಿ ಬರಬಹುದು. ಇವತ್ತು ನಿಮ್ಮ ಜೊತೆ ಮಾತಾಡಲು ಒಪ್ಪದವರು ಆರು ವರ್ಷದ ನಂತರ ಒಪ್ಪಬಹುದು. ಅಷ್ಟು ದಿನ ಕಾಯಲು ಮೇಷ್ಟ್ರಿಗೆ ಆಗುತ್ತದೆ. ನನ್ನ ಮಟ್ಟಿಗೆ ಈ ವೃತ್ತಿಯ ಜೀವಾಳವೇ ಅದು: ಒಂದು ಜಾಗ ಹಿಡಿಯುವುದು, ಬಿಡದೆ ಹೋಗುತ್ತಿರುವುದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳುವುದು. ಮುಂದೆ ಹೇಳುವ ಹೆಜ್ಜೆಗಳನ್ನೆಲ್ಲ ಈ ಲೆಕ್ಕದಲ್ಲೇ ನೋಡಿ.

ಹೀಗೆ ಬದುಕಿದವರು ಇದ್ದಾರೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶಾಂತಿ ಅಧ್ಯಯನ ವಿಭಾಗ ಶುರುವಾದಾಗ ಮೊದಲ ಪ್ರೊಫೆಸರ್ ಆಗಿ ಬಂದವರು ಆಡಮ್ ಕರ್ಲ್. ಅದಕ್ಕೂ ಮೊದಲೇ ಅವರು ಯುದ್ಧವೇ ಬೇಡ ಎನ್ನುವ ಕ್ರೈಸ್ತರ ಕ್ವೇಕರ್ ಪಂಥದವರ ಜೊತೆ ಸೇರಿ 1965ರ ಭಾರತ-ಪಾಕಿಸ್ತಾನ ಯುದ್ಧದ ಹಿನ್ನೆಲೆಯಲ್ಲಿ, ಆಮೇಲೆ ನೈಜೀರಿಯಾ-ಬಯಾಫ್ರಾ ಯುದ್ಧದಲ್ಲಿ ಎರಡೂ ಕಡೆಯವರ ನಡುವೆ ಓಡಾಡಿದ್ದರು. ಉತ್ತರ ಐರ್ಲೆಂಡಿನಲ್ಲಿ ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕರು ಒಂದೇ ಸೂರಿನಡಿ ಕೂತು ಮಾತಾಡುವ ಕೊರಿಮೀಲ ಕೇಂದ್ರ ಹುಟ್ಟಿದ್ದು 1965ರಲ್ಲಿ. ಅದನ್ನು ಕಟ್ಟಿದವರು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪಾದ್ರಿ ರೇ ಡೇವಿ ಮತ್ತು ಅವರ ವಿದ್ಯಾರ್ಥಿಗಳು.

ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಕಾವೇರಿ ಗಲಾಟೆಯಲ್ಲಿ 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತು ಎಂದು ಹಿರಿಯರಿಗೆ ನೆನಪಿದೆ. 2003ರಲ್ಲಿ ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಪ್ರೊಫೆಸರ್ ಎಸ್. ಜನಕರಾಜನ್ ಎರಡೂ ರಾಜ್ಯಗಳ ರೈತರನ್ನು ಕರೆದು ಎದುರುಬದುರು ಕೂರಿಸಿದರು. ಆ ಗುಂಪಿಗೆ 'ಕಾವೇರಿ ಕುಟುಂಬ' ಎಂದು ಹೆಸರಾಯಿತು. ನಮ್ಮ ರೈತರು ಹೋಗಿ ಅಲ್ಲಿನ ಡೆಲ್ಟಾದ ಗದ್ದೆ ನೋಡಿದರು, ಅವರು ಬಂದು ಇಲ್ಲಿನ ಕೆರೆ-ನಾಲೆ ನೋಡಿದರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಕೊನೆಯ ತೀರ್ಪು 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್‌ನಿಂದಲೇ ಬರಬೇಕಾಯಿತು. ಆದರೂ ನೀರಿನ ಲೆಕ್ಕ ಗೊತ್ತಿದ್ದ ಒಬ್ಬ ಮೇಷ್ಟ್ರು ಕರೆದದ್ದಕ್ಕೆ ರೈತರು ಬಂದು ಕೂತರು. ಪಾರ್ಟಿಯವರು ಕರೆದಿದ್ದರೆ ಬರುತ್ತಿದ್ದರಾ? ನನಗೆ ಅನುಮಾನ.

ಡಿಗ್ರಿ ಆರಿಸುವಾಗ

ಇಲ್ಲಿ ಸ್ವಲ್ಪ ಲೆಕ್ಕಾಚಾರ ಬೇಕು. ಶಾಂತಿ ಅಧ್ಯಯನದಲ್ಲೇ ಎಂ.ಎ. ಮಾಡುವ ಅವಕಾಶ ದೇಶದಲ್ಲಿ ಕೆಲವು ಕಡೆ ಇದೆ. ದಿಲ್ಲಿಯ ಜಾಮಿಯಾ ಮಿಲಿಯಾದಲ್ಲಿ 2004ರಿಂದ ನೆಲ್ಸನ್ ಮಂಡೇಲಾ ಶಾಂತಿ ಮತ್ತು ಸಂಘರ್ಷ ಪರಿಹಾರ ಕೇಂದ್ರ ಇದೆ. ಸಿಕ್ಕಿಂ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಂದರೆ ಟಿಸ್, ಗುವಾಹಟಿ ಕ್ಯಾಂಪಸ್ಸಿನಲ್ಲಿ ಈ ಎಂ.ಎ. ನಡೆಸಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಾಳವೀಯ ಶಾಂತಿ ಸಂಶೋಧನಾ ಕೇಂದ್ರ ಇದೆ. ನಮ್ಮಲ್ಲಿ ಮಣಿಪಾಲದ ಗಾಂಧಿಯನ್ ಸೆಂಟರ್ ಕಲೆ ಮತ್ತು ಶಾಂತಿಯನ್ನು ಒಟ್ಟಿಗೆ ಓದಿಸುತ್ತದೆ.

ಓದಲು ಇವೆಲ್ಲ ಒಳ್ಳೆಯ ಜಾಗಗಳೇ. ತೊಡಕು ಬರುವುದು ಕೆಲಸ ಹುಡುಕುವಾಗ. ಕಾಲೇಜು, ವಿಶ್ವವಿದ್ಯಾಲಯಗಳು ಜಾಹೀರಾತು ಕೊಡುವುದು ರಾಜ್ಯಶಾಸ್ತ್ರಕ್ಕೆ, ಸಮಾಜಶಾಸ್ತ್ರಕ್ಕೆ, ಸಮಾಜಕಾರ್ಯಕ್ಕೆ. 'ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ' ಎಂಬ ಸಾಲು ಅಲ್ಲಿ ಇದ್ದೇ ಇರುತ್ತದೆ. ನಿಮ್ಮ ಶಾಂತಿ ಅಧ್ಯಯನದ ಪದವಿ ಸಂಬಂಧಪಟ್ಟದ್ದೇ ಎಂದು ಪ್ರತಿ ಬಾರಿ ವಾದ ಮಾಡುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಕರ್ನಾಟಕದಲ್ಲೇ ಪಾಠ ಮಾಡುವ ಮನಸ್ಸಿದ್ದರೆ ಎಂ.ಎ.ಯನ್ನು ಹಳೆಯ ವಿಷಯವೊಂದರಲ್ಲಿ ಮಾಡಿ, ಪಿಎಚ್‌ಡಿಯಲ್ಲಿ ಶಾಂತಿ-ಸಂಘರ್ಷದ ವಿಷಯ ಹಿಡಿಯಿರಿ. ಇದೇ ಸುರಕ್ಷಿತ ದಾರಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು.

ಹೊರದೇಶಕ್ಕೆ ಹೋಗುವವರು ರೋಟರಿ ಪೀಸ್ ಫೆಲೋಶಿಪ್ ಕಡೆ ನೋಡಿ. ಫೀಸು, ವಸತಿ, ಪ್ರಯಾಣ ಎಲ್ಲ ಅವರದೇ. ಸ್ವೀಡನ್ನಿನ ಉಪ್ಸಾಲ, ಬ್ರಾಡ್‌ಫರ್ಡ್, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್, ಟೋಕಿಯೋದಲ್ಲಿ ಎಂ.ಎ. ಮಾಡಬಹುದು. ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ಈ ಕ್ಷೇತ್ರದಲ್ಲಿ ಕೆಲಸ ಮಾಡಿರಬೇಕು. ಅಂದರೆ ಡಿಗ್ರಿ ಮುಗಿದ ಕೂಡಲೇ ಸಿಗುವಂಥದ್ದಲ್ಲ. ಮೊದಲು ಯಾವುದಾದರೂ ಸಂಸ್ಥೆಯಲ್ಲಿ ದುಡಿಯಿರಿ. ಆ ಮೂರು ವರ್ಷದ ಅನುಭವ ಮುಂದೆ ಕ್ಲಾಸಿನಲ್ಲೂ ಕೈ ಹಿಡಿಯುತ್ತದೆ.

ನೆಟ್, ಕೆ-ಸೆಟ್, ಪಿಎಚ್‌ಡಿ

ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ 55 ಅಂಕ ಬೇಕು (ಮೀಸಲು ವರ್ಗಗಳಿಗೆ ಶೇ 50), ಜೊತೆಗೆ ನೆಟ್ (ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯ ಮಟ್ಟದ್ದು; ನಮ್ಮಲ್ಲಿ ಕೆ-ಸೆಟ್) ಬೇಕು. ನಿಯಮದ ಪ್ರಕಾರ ಮಾಡಿದ ಪಿಎಚ್‌ಡಿ ಇದ್ದರೆ ನೆಟ್ಟಿನಿಂದ ವಿನಾಯಿತಿ ಇದೆ. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅದರ ವಿಷಯಗಳ ಪಟ್ಟಿಯಲ್ಲಿ 60ನೇ ಕೋಡ್ 'ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ'. ಇಂಥದ್ದೊಂದು ವಿಷಯ ಇರುವುದೇ ಅನೇಕರಿಗೆ ಗೊತ್ತಿಲ್ಲ. ಆದರೆ ಮೇಲೆ ಹೇಳಿದ ತೊಡಕು ಇಲ್ಲೂ ಇದೆ: ಹುದ್ದೆ ಇರುವ ವಿಷಯದಲ್ಲಿ ಮೊದಲು ಪಾಸಾಗಿ, ಇದನ್ನು ಆಮೇಲೆ ಬರೆಯಿರಿ. ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅದು ನಮ್ಮ ರಾಜ್ಯದೊಳಗಿನ ಹುದ್ದೆಗಳಿಗೆ.

ನೆಟ್ಟಿನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ವೇತನ, ಅಂದರೆ ಜೆಆರ್‌ಎಫ್, ಸಿಕ್ಕಿದರೆ ಬಿಡಬೇಡಿ. ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಪಿಎಚ್‌ಡಿ ಹೊತ್ತಿನ ಫೀಲ್ಡ್ ಖರ್ಚನ್ನು ಇದರಲ್ಲೇ ತೂಗಿಸಬಹುದು. ಇಂಥ ಸಂಶೋಧನೆಯಲ್ಲಿ ಬೇರೆಯವರ ಪ್ರಾಜೆಕ್ಟ್ ದುಡ್ಡಿನ ಹಂಗಿಲ್ಲದೆ ಊರಿಗೆ ಹೋಗುವುದು ದೊಡ್ಡ ವಿಷಯ. ಜನ ಕೇಳುವ ಮೊದಲ ಪ್ರಶ್ನೆಯೇ "ನಿಮ್ಮನ್ನು ಕಳಿಸಿದವರು ಯಾರು?"

ಇದರ ಜೊತೆಗೆ ಕೈಗೆ ಒಂದು ಕಸುಬೂ ಇರಲಿ. ಮಧ್ಯಸ್ಥಿಕೆಯ 40 ಗಂಟೆಗಳ ತರಬೇತಿ ಮಾಡಿಕೊಳ್ಳಿ. ನಮ್ಮ ಹೈಕೋರ್ಟ್ 2007ರಲ್ಲಿ ಶುರು ಮಾಡಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಿಂದಾಗಿ ಈ ಕೆಲಸ ಬಲ್ಲವರು ರಾಜ್ಯದಲ್ಲಿ ಸಾಕಷ್ಟು ಜನ ಇದ್ದಾರೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಒಂದು ಅಧ್ಯಾಯವೇ ಇದೆ. ಊರಿನ ನೆಮ್ಮದಿ ಕೆಡಿಸುವಂಥ ಜಗಳವನ್ನು ಮೂವರು ಮಧ್ಯಸ್ಥರ ಮುಂದೆ ಕೂತು ಬಗೆಹರಿಸಿಕೊಳ್ಳಬಹುದು ಎನ್ನುತ್ತದೆ ಅದು. ಶಾಂತಿಯ ಬಗ್ಗೆ ಪಾಠ ಮಾಡುವವರಿಗೆ ಇಬ್ಬರು ಸಿಟ್ಟಾದವರ ನಡುವೆ ಕೂತು ಗೊತ್ತಿರಬೇಕು ಅಲ್ವಾ?

ಜಾಗ ಹಿಡಿಯುವುದು

ಎಲ್ಲ ಹೆಜ್ಜೆಗಳಿಗಿಂತ ಇದಕ್ಕೆ ಜಾಸ್ತಿ ಸಮಯ ಕೊಡಿ. ಸುದ್ದಿಯಲ್ಲಿ ಇದೆ ಅಂತ ಜಾಗ ಆರಿಸಬೇಡಿ. ಸುದ್ದಿ ತಣ್ಣಗಾದ ಮೇಲೂ ಅಲ್ಲಿಗೆ ಹೋಗಲು ನಿಮಗೆ ಕಾರಣ ಇರಬೇಕು.

ನಾನು ಹಿಡಿದದ್ದು ಅಸ್ಸಾಮಿನ ಕೊಕ್ರಜಾರ್. ಕಾರಣ ಬೆಂಗಳೂರಿನಲ್ಲೇ ಇತ್ತು. 2012ರ ಜುಲೈಯಲ್ಲಿ ಅಲ್ಲಿ ಬೋಡೊ ಬುಡಕಟ್ಟಿನ ಜನರಿಗೂ ಬಂಗಾಳಿ ಮೂಲದ ಮುಸ್ಲಿಮರಿಗೂ ಹೊಡೆದಾಟವಾಗಿ ಲಕ್ಷಾಂತರ ಜನ ಶಿಬಿರ ಸೇರಿದರು. ಅದರ ಮರುತಿಂಗಳು ಬೆಂಗಳೂರಿನಲ್ಲಿ ಗಾಳಿಸುದ್ದಿಯ ಎಸ್ಸೆಮ್ಮೆಸ್ ಹರಿದಾಡಿದವು. ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ದೇಶದಾದ್ಯಂತ ಸಗಟು ಎಸ್ಸೆಮ್ಮೆಸ್ಸಿಗೆ ತಡೆ ಹಾಕಿತು. ನಮ್ಮ ಸೆಕ್ಯುರಿಟಿ ಗಾರ್ಡು, ಹೋಟೆಲ್ಲಿನ ಹುಡುಗ, ಬ್ಯೂಟಿ ಪಾರ್ಲರಿನ ಹುಡುಗಿ ಯಾಕೆ ಹೆದರಿದರು ಎಂದು ತಿಳಿಯಬೇಕಾದರೆ ಅವರ ಊರಿಗೆ ಹೋಗಬೇಕು. ಈ ಎಳೆ ನನ್ನನ್ನು ಇವತ್ತಿಗೂ ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ.

ನಿಮ್ಮ ಜಾಗ ದೂರವೇ ಇರಬೇಕು ಅಂತ ಏನಿಲ್ಲ. ಕರಾವಳಿಯಲ್ಲಿ, ಕಾವೇರಿ ಬಯಲಿನಲ್ಲಿ, ಗಡಿ ತಾಲ್ಲೂಕುಗಳಲ್ಲಿ ಬೇಕಾದಷ್ಟು ಕೆಲಸ ಇದೆ. ಹತ್ತಿರದ ಊರಾದರೆ ವಾರಾಂತ್ಯಕ್ಕೂ ಹೋಗಬಹುದು. ಆದರೆ ಅಲ್ಲಿ ನಿಮ್ಮ ಹೆಸರು, ಜಾತಿ, ಊರು ಕೇಳಿದ ಕೂಡಲೇ ನಿಮ್ಮನ್ನು ಒಂದು ಕಡೆಗೆ ಸೇರಿಸಿಬಿಡುತ್ತಾರೆ. ದೂರದ ಊರಿನಲ್ಲಿ ನೀವು ಇಬ್ಬರಿಗೂ ಹೊರಗಿನವರು. ಕೊಕ್ರಜಾರಿನಲ್ಲಿ ನಾನು 'ಸೌತ್‌ನಿಂದ ಬಂದ ಮೇಡಂ'. ಎರಡೂ ಕಡೆಯವರು ತಾಳ್ಮೆಯಿಂದ ಮೊದಲಿಂದ ಹೇಳುತ್ತಾರೆ. ಗೊತ್ತಿದ್ದವರಿಗೆ ಯಾರೂ ಮೊದಲಿಂದ ಹೇಳುವುದಿಲ್ಲ.

ಒಬ್ಬ ಕನ್ನಡಿಗರ ಬದುಕನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಮಧ್ಯಪ್ರದೇಶದ ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್‌ನಲ್ಲಿ ಅಲ್ಲಿ ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಬಂದೂಕು ಕೆಳಗಿಟ್ಟರು. ಸುಬ್ಬರಾವ್ ವಿಶ್ವವಿದ್ಯಾಲಯದವರಲ್ಲ. ಆದರೆ ಒಂದು ಜಾಗಕ್ಕೆ ಬೇರೂರಿ ನಿಲ್ಲುವುದು ಎಂದರೇನು ಎಂದು ಕಲಿಯಲು ಅವರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಶರಣಾಗತಿ ಮುಗಿಯಿತು ಅಂತ ಅವರು ಆ ನಂಟು ಬಿಡಲಿಲ್ಲ. 2021ರಲ್ಲಿ ತೀರಿಕೊಳ್ಳುವವರೆಗೂ ಆ ಆಶ್ರಮ ಅವರದಾಗಿತ್ತು.

ಹೊರಡುವ ಮುನ್ನ

ಭಾಷೆಯಿಂದ ಶುರು ಮಾಡಿ. ಒಂದು ವರ್ಷ ಮೊದಲೇ. ಬೋಡೊ ಭಾಷೆಯನ್ನು ದೇವನಾಗರಿಯಲ್ಲಿ ಬರೆಯುತ್ತಾರೆ. ಹಾಗಾಗಿ ಶಾಲೆಯಲ್ಲಿ ಹಿಂದಿ ಓದಿದ ನಮಗೆ ಅಕ್ಷರದ ಕಷ್ಟ ಇಲ್ಲ. ಅಸ್ಸಾಮಿ ಲಿಪಿ ಬೇರೆ, ಕಲಿಯಬೇಕು. ಪೂರ್ತಿ ಬರದಿದ್ದರೂ ಪರವಾಗಿಲ್ಲ. ದುಭಾಷಿ ಏನನ್ನು ಬಿಟ್ಟು ಹೇಳಿದರು ಎಂದು ಗೊತ್ತಾಗುವಷ್ಟು ಬರಬೇಕು.

ದುಭಾಷಿಗಳನ್ನು ಎರಡೂ ಸಮುದಾಯದಿಂದ ತೆಗೆದುಕೊಳ್ಳಿ. ಅವರಿಗೆ ಸರಿಯಾದ ಸಂಬಳ ಕೊಡಿ, ನಿಮ್ಮ ಬರಹದಲ್ಲಿ ಅವರ ಹೆಸರು ಇರಬೇಕೋ ಬೇಡವೋ ಎಂದು ಅವರನ್ನೇ ಕೇಳಿ. ನೀವು ರೈಲು ಹತ್ತಿದ ಮೇಲೂ ಅವರು ಅಲ್ಲೇ ಬದುಕಬೇಕು.

ಪರವಾನಗಿ ನೋಡಿಕೊಳ್ಳಿ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಹೋಗಲು ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಮಣಿಪುರಕ್ಕೆ ಈ ನಿಯಮ ಬಂದದ್ದು 2020ರ ಜನವರಿಯಿಂದ. ಅಸ್ಸಾಮಿಗೆ ಬೇಡ. ವಿಶ್ವವಿದ್ಯಾಲಯದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಮಾಡಿಸಿ ಇಟ್ಟುಕೊಳ್ಳಿ, ಅದರ ನಕಲು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಹತ್ತಿರದ ವಿಶ್ವವಿದ್ಯಾಲಯದ ಜೊತೆ ನಂಟು ಬೆಳೆಸಿ. ಕೊಕ್ರಜಾರಿನಲ್ಲೇ 2009ರಿಂದ ಬೋಡೊಲ್ಯಾಂಡ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ಮೇಷ್ಟ್ರುಗಳ ಜೊತೆ ಸೇರಿ ಕೆಲಸ ಮಾಡಿದರೆ ನಿಮಗೂ ಒಳ್ಳೆಯದು, ಅವರಿಗೂ ಹೆಸರು.

ಗುಟ್ಟು ಕಾಪಾಡುವ ಬಗ್ಗೆ ಕಾನೂನು ತಿಳಿದುಕೊಂಡೇ ಹೋಗಿ. ವಕೀಲರಿಗೆ ಹೇಳಿದ ಮಾತಿಗೆ ಇರುವ ರಕ್ಷಣೆ ನಮ್ಮ ದೇಶದಲ್ಲಿ ಸಂಶೋಧಕರ ಟಿಪ್ಪಣಿಗಿಲ್ಲ. ಪೊಲೀಸರು ನೋಟ್‌ಬುಕ್ ಕೇಳಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ನಿಮ್ಮ ಗಮನಕ್ಕೆ ಬಂದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ದೂರು ಕೊಡಲೇಬೇಕು. ಹಾಗಾಗಿ "ಯಾರಿಗೂ ಹೇಳಲ್ಲ" ಎಂದು ಸುಮ್ನೆ ಮಾತು ಕೊಡಬೇಡಿ. ಯಾವುದನ್ನು ಹೇಳದೆ ಇರಬಲ್ಲಿರಿ, ಯಾವುದನ್ನು ಹೇಳಲೇಬೇಕಾಗುತ್ತದೆ ಎಂದು ಶುರುವಿನಲ್ಲೇ ತಿಳಿಸಿ. ನೋಟ್‌ಬುಕ್ಕಿನಲ್ಲಿ ನಿಜವಾದ ಹೆಸರು ಬರೆಯಲೇಬೇಡಿ. ಯಾವ ಸಂಕೇತ ಯಾರದು ಎಂಬ ಪಟ್ಟಿ ಮನೆಯಲ್ಲಿರಲಿ.

ಊರಿನಲ್ಲಿ

ಮೊದಲ ಸಲ ಹೋದಾಗ ಸಂದರ್ಶನ ಮಾಡಬೇಡಿ. ಸಂತೆಗೆ ಹೋಗಿ, ಶಾಲೆಗೆ ಹೋಗಿ, ಟೀ ಅಂಗಡಿಯಲ್ಲಿ ಕೂತಿರಿ. ಮನೆಗೆ ಹೋದರೆ ತಾಮೂಲ್-ಪಾನ್ ಕೊಡುತ್ತಾರೆ, ಅಂದರೆ ವೀಳ್ಯದೆಲೆ ಮತ್ತು ಹಸಿ ಅಡಿಕೆ. ಮಲೆನಾಡಿನ ಒಣ ಅಡಿಕೆ ತಿಂದು ಗೊತ್ತಿದ್ದವರಿಗೂ ಅದು ತಲೆ ಸುತ್ತಿಸುತ್ತದೆ. ಸಣ್ಣ ಚೂರು ತೆಗೆದುಕೊಂಡರೆ ಸಾಕು, ಬೇಡ ಎನ್ನಬೇಡಿ. ಅಡಿಕೆ ನಮ್ಮಲ್ಲೂ ಬೆಳೆಯುತ್ತದೆ ಎಂದರೆ ಅರ್ಧ ಗಂಟೆ ಅದರದೇ ಮಾತು. ಸುಲಿಯುವುದು ಹೇಗೆ, ರೇಟು ಎಷ್ಟು, ಕೊಳೆ ರೋಗಕ್ಕೆ ಏನು ಮಾಡುತ್ತೀರಿ. ಗಲಭೆಯ ಮಾತು ಬಂದಾಗ ಬರಲಿ.

ನೀವು ಅಲ್ಲಿ ಯಾರು ಎಂಬುದನ್ನು ತೀರ್ಮಾನ ಮಾಡಿಕೊಳ್ಳಿ. ಬರೆದುಕೊಂಡು ಹೋಗಲು ಬಂದವರೋ, ಇಬ್ಬರನ್ನೂ ಕೂರಿಸಿ ಮಾತಾಡಿಸಲು ಬಂದವರೋ? ಎರಡೂ ಕೆಲಸ ಮಾಡಬಹುದು, ಆದರೆ ಒಂದೇ ದಿನ ಒಂದೇ ಕೂಟದಲ್ಲಿ ಬೇಡ. ಮಾತುಕತೆ ನಡೆಸುವ ದಿನ ನನ್ನ ನೋಟ್‌ಬುಕ್ ಚೀಲದಿಂದ ಹೊರಗೆ ಬರುವುದಿಲ್ಲ. ಅದನ್ನು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ.

ಎರಡೂ ಊರಿನಲ್ಲಿ ಕೇಳುತ್ತಾರೆ: "ಆ ಕಡೆಯವರು ಏನಂತಾರೆ?" ನನ್ನ ಉತ್ತರ ಯಾವಾಗಲೂ ಒಂದೇ. "ನೀವು ಹೇಳಿದ್ದನ್ನು ಅಲ್ಲಿ ಹೇಳಲ್ಲ, ಅವರು ಹೇಳಿದ್ದನ್ನು ಇಲ್ಲಿ ಹೇಳಲ್ಲ." ಇದನ್ನು ಒಂದು ಸಲ ಮುರಿದರೆ ಅಲ್ಲಿಗೆ ಮತ್ತೆ ಹೋಗುವ ಹಾಗಿಲ್ಲ.

ಉಪಯೋಗಕ್ಕೆ ಬರುವ ಒಂದು ವಿಧಾನ ಹೇಳುತ್ತೇನೆ. ದೊಡ್ಡ ಬಿಳಿ ಹಾಳೆ, ಒಂದು ಉದ್ದ ಗೆರೆ. "ಜಗಳ ಯಾವಾಗ ಶುರುವಾಯಿತೋ ಅಲ್ಲಿಂದ ಬರೆಯಿರಿ" ಎಂದು ಕೇಳುವುದು. ಒಂದು ಬೋಡೊ ಊರಿನ ಹಿರಿಯರು ಗೆರೆಯ ತುದಿಯಲ್ಲಿ 1947 ಎಂದು ಬರೆಸಿದರು. ಬುಡಕಟ್ಟು ಜನರ ಜಮೀನು ಕೈ ಬಿಟ್ಟು ಹೋಗದಂತೆ ಕಾಪಾಡಲು ಅಸ್ಸಾಂ ಸರ್ಕಾರ 'ಬೆಲ್ಟ್ ಮತ್ತು ಬ್ಲಾಕ್' ನಿಯಮ ತಂದ ವರ್ಷ ಅದು. ನಿಯಮ ಬಂತು, ಜಮೀನು ಹೋಗುವುದು ನಿಲ್ಲಲಿಲ್ಲ ಎಂಬುದು ಅವರ ಮಾತು. ಸ್ವಲ್ಪ ದೂರದ ಮುಸ್ಲಿಮರ ಊರಿನಲ್ಲಿ ಗೆರೆ ಶುರುವಾದದ್ದು 1994ರಿಂದ, ಶಿಬಿರದಲ್ಲಿದ್ದವರ ಮೇಲೂ ದಾಳಿಯಾದ ವರ್ಷದಿಂದ. ಸರ್ಕಾರ ಮತ್ತು ಬೋಡೊ ಸಂಘಟನೆಗಳ ನಡುವೆ ಆದ 1993, 2003, 2020ರ ಮೂರು ಒಪ್ಪಂದಗಳು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿದ್ದವು. ಇನ್ನೊಂದು ಹಾಳೆಯಲ್ಲಿ ಅವು ಇರಲೇ ಇಲ್ಲ. ಎರಡರಲ್ಲೂ ಇದ್ದದ್ದು 2012 ಮತ್ತು ಮಳೆಗಾಲದಲ್ಲಿ ಸಂತೆಗೆ ಹೋಗುವ ಸೇತುವೆ ಕೊಚ್ಚಿಹೋದ ವರ್ಷ. ಒಪ್ಪಂದದ ಬಗ್ಗೆ ಇಬ್ಬರೂ ಒಟ್ಟಿಗೆ ಕೂತು ಮಾತಾಡಲು ತಯಾರಿರಲಿಲ್ಲ. ಸೇತುವೆಯ ಬಗ್ಗೆ ತಯಾರಿದ್ದರು. ಕೆಲಸ ಅಲ್ಲಿಂದ ಶುರುವಾಯಿತು.

ಶಾಂತಿ ಬಂತೋ ಇಲ್ಲವೋ ಎಂದು ಅಳೆಯುವಾಗಲೂ ಅಲ್ಲಿನವರನ್ನೇ ಕೇಳಿ. ಉಪ್ಸಾಲದ ದತ್ತಾಂಶ ಕೇಂದ್ರ ವರ್ಷಕ್ಕೆ 25 ಸಾವು ಎಂಬ ಗೆರೆ ಹಾಕಿ ಸಶಸ್ತ್ರ ಸಂಘರ್ಷಗಳನ್ನು ಎಣಿಸುತ್ತದೆ. ಪ್ರಪಂಚದ ಲೆಕ್ಕಕ್ಕೆ ಅದು ಬೇಕು. ಆದರೆ ಊರಿನಲ್ಲಿ ಕೇಳಿದರೆ ಹೆಂಗಸರು ಬೇರೆ ಅಳತೆ ಕೊಡುತ್ತಾರೆ: ಕತ್ತಲಾದ ಮೇಲೂ ಸಂತೆಯಿಂದ ನಡೆದುಕೊಂಡು ಬರಬಹುದು, ಆ ಕಡೆಯವರು ಮದುವೆಗೆ ಕರೆದರೆ ಊಟ ಮಾಡಿಯೇ ಬರುತ್ತೇವೆ, ಮಕ್ಕಳು ಒಂದೇ ಟ್ಯೂಷನ್ನಿಗೆ ಹೋಗುತ್ತಾರೆ. ಈ ಪಟ್ಟಿಯನ್ನು ಪ್ರತಿ ಸಲ ಹೋದಾಗಲೂ ಕೇಳಿ ಬರೆದಿಡಿ. ಕೆಲವು ವರ್ಷಗಳ ಪಟ್ಟಿ ಪಕ್ಕಪಕ್ಕ ಇಟ್ಟರೆ ಬೇರೆ ಯಾವ ಸರ್ವೆಯಲ್ಲೂ ಕಾಣದ್ದು ಕಾಣುತ್ತದೆ.

ಕ್ಲಾಸಿನಲ್ಲಿ

ಫೀಲ್ಡಿನ ಕಥೆ ಹೇಳಿ ಕ್ಲಾಸು ತುಂಬಿಸುವುದು ಸುಲಭ, ಆದರೆ ಅದು ಆ ಊರಿನವರಿಗೆ ಮಾಡುವ ಅನ್ಯಾಯ. ಅಲ್ಲಿನವರ ನೋವು ನಮ್ಮ ಪಾಠದ ರುಚಿ ಹೆಚ್ಚಿಸಲು ಇರುವುದಲ್ಲ. ಫೀಲ್ಡಿನಿಂದ ವಿಧಾನ ತನ್ನಿ. ಉದಾಹರಣೆ ವಿದ್ಯಾರ್ಥಿಗಳ ಬದುಕಿನದ್ದೇ ಇರಲಿ.

ನಾನು ಕಾವೇರಿ ತೆಗೆದುಕೊಳ್ಳುತ್ತೇನೆ. ಕ್ಲಾಸನ್ನು ಎರಡು ಭಾಗ ಮಾಡಿ, ಮಂಡ್ಯ, ಮೈಸೂರು ಕಡೆಯವರನ್ನೆಲ್ಲ ಬೇಕೆಂದೇ ತಂಜಾವೂರಿನ ರೈತರನ್ನಾಗಿ ಮಾಡುತ್ತೇನೆ. ಎಲ್ಲರ ಕೈಗೂ ಒಂದು ಚೀಟಿ: ತಾರೀಕು, ಕೆಆರ್‌ಎಸ್ ಮಟ್ಟ, ಮೆಟ್ಟೂರು ಮಟ್ಟ, ಗದ್ದೆಯಲ್ಲಿ ಪೈರು ಯಾವ ಹಂತದಲ್ಲಿದೆ. ಕೆಆರ್‌ಎಸ್ ತುಂಬಿದರೆ 124.80 ಅಡಿ ಎಂದು ನಮ್ಮ ಹುಡುಗರಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಮೆಟ್ಟೂರಿನ ಮಟ್ಟ 120 ಅಡಿ ಎಂದು ಗೊತ್ತಿಲ್ಲ. ಅಲ್ಲಿ ವಾಡಿಕೆಯಂತೆ ಜೂನ್ 12ಕ್ಕೆ ಗೇಟು ತೆಗೆಯುತ್ತಾರೆ, ಕುರುವೈ ಭತ್ತದ ಬಿತ್ತನೆ ಅದನ್ನು ನಂಬಿಕೊಂಡಿದೆ ಎಂಬುದೂ ಗೊತ್ತಿಲ್ಲ. ಒಂದು ವರ್ಷ ಪಾಂಡವಪುರ ಕಡೆಯ ಹುಡುಗನೊಬ್ಬ ಈ ಪಾತ್ರ ಬೇಡ ಎಂದು ಹಟ ಹಿಡಿದ. ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಅಂದ. ಆಮೇಲೆ ಒಪ್ಪಿದ. ಮಾತು ಬಿಸಿಯಾದಾಗ ಅವನೇ ಎದ್ದು ನಿಂತು, "ಜುಲೈ ಕೊನೆಗೆ ನೀರು ಬಿಟ್ಟು ಉಪಕಾರ ಮಾಡಿದೆವು ಅಂತೀರಲ್ಲ, ಸಸಿಮಡಿ ಒಣಗಿದ ಮೇಲೆ ಆ ನೀರು ಏನು ಮಾಡಲಿ?" ಎಂದು ತನ್ನ ಊರಿನವನನ್ನೇ ಕೇಳಿದ. ಎದುರಿಗಿದ್ದವನು, "ನಮ್ಮ ಕಟ್ಟೆಯಲ್ಲೇ ನೀರಿಲ್ಲದಾಗ ಎಲ್ಲಿಂದ ತರಲಿ?" ಅಂದ. ಇಬ್ಬರೂ ಸರಿ ಅಲ್ವಾ? ಮಳೆ ಕಡಿಮೆಯಾದ ವರ್ಷ ನಷ್ಟವನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ನಿಜವಾದ ಪ್ರಶ್ನೆಗೆ ಕ್ಲಾಸು ಆಗ ಬಂತು.

ಇಂಥ ಆಟದ ನಂತರ ಪಾತ್ರದಿಂದ ಹೊರಗೆ ತರುವುದು ಬಹಳ ಮುಖ್ಯ. ಎದೆಯ ಮೇಲಿನ ಚೀಟಿ ಕಿತ್ತು ಹಾಕಲಿ, ತಮ್ಮ ನಿಜವಾದ ಹೆಸರು ಹೇಳಲಿ, ಯಾವ ಮಾತು ಚುಚ್ಚಿತು ಎಂದು ಹೇಳಿಕೊಳ್ಳಲಿ. ಆಟಕ್ಕೆ ಎಷ್ಟು ಹೊತ್ತು ಕೊಟ್ಟಿರೋ ಇದಕ್ಕೂ ಅಷ್ಟೇ ಹೊತ್ತು ಕೊಡಿ. ಗಂಟೆ ಹೊಡೆಯಿತು ಅಂತ ಹಾಗೇ ಬಿಟ್ಟರೆ ಆ ಸಿಟ್ಟು ಹಾಸ್ಟೆಲ್ಲಿಗೆ ಹೋಗುತ್ತದೆ.

ವಿದ್ಯಾರ್ಥಿಗಳನ್ನು ಫೀಲ್ಡಿಗೆ ಕರೆದುಕೊಂಡು ಹೋಗಬೇಕಾ? ನಾನು ಕೊಕ್ರಜಾರಿಗೆ ಪಿಎಚ್‌ಡಿ ಮಾಡುವವರನ್ನು ಬಿಟ್ಟು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಬಸ್ ತುಂಬಾ ಹುಡುಗರು ಬಂದು ಫೋನ್ ಹಿಡಿದರೆ ಊರಿನವರಿಗೆ ಹೇಗನ್ನಿಸುತ್ತದೆ? ಎಂ.ಎ. ವಿದ್ಯಾರ್ಥಿಗಳಿಗೆ ತಮ್ಮ ತಾಲ್ಲೂಕಿನ ಒಂದು ಹಳೆಯ ಜಗಳ ಹುಡುಕಿ ಬರೆಯಲು ಹೇಳುತ್ತೇನೆ. ಕೆರೆ ಒತ್ತುವರಿ, ಸ್ಮಶಾನದ ದಾರಿ, ಜಾತ್ರೆಯ ಮೆರವಣಿಗೆ. ಎಲ್ಲರ ತಾಲ್ಲೂಕಿನಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ.

ವರ್ಷದ ಲೆಕ್ಕ, ದುಡ್ಡಿನ ಲೆಕ್ಕ

ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಸೆಮಿಸ್ಟರ್ ನಡುವೆ ಹತ್ತು ದಿನ ಮಾಯವಾಗಲು ಸಾಧ್ಯವಿಲ್ಲ, ಆಗಲೂಬಾರದು. ಹಾಗಾಗಿ ರಜೆಯನ್ನು ಊರಿನ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳಿ. ಅಸ್ಸಾಮಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನೆರೆ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಜನವರಿಯಲ್ಲಿ ಕಣಜ ತುಂಬಿರುತ್ತದೆ, ಚಳಿಗೆ ಬೆಂಕಿ ಹಾಕಿಕೊಂಡು ಕೂರುತ್ತಾರೆ, ಮಾತು ತಾನಾಗಿ ಬರುತ್ತದೆ. ನಾನು ಹೋಗುವುದು ಆಗಲೇ. ಬೆಂಗಳೂರಿನಿಂದ ರೈಲಿನಲ್ಲಿ ಎರಡು ದಿನಕ್ಕೂ ಮೇಲೆ ಬೇಕು. ಆ ಎರಡು ದಿನ ನನಗೆ ಬೇಕೇ ಬೇಕು, ಮುಖ್ಯವಾಗಿ ವಾಪಸ್ ಬರುವಾಗ. ಕೇಳಿದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ನೇರ ಕ್ಲಾಸಿಗೆ ಹೋದರೆ ಪಾಠವೂ ಕೆಡುತ್ತದೆ, ನಿದ್ದೆಯೂ ಕೆಡುತ್ತದೆ. ಇದೇ ಕೆಲಸ ಮಾಡುವ ಒಬ್ಬ ಸ್ನೇಹಿತರ ಜೊತೆ ಮಾತಾಡಿ. ಸಾಲದಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ, ಅದರಲ್ಲಿ ಸಂಕೋಚ ಬೇಡ.

ಉದ್ದದ ರಜೆಗೂ ದಾರಿ ಇದೆ. ಮೂರು ವರ್ಷ ಸೇವೆ ಆದ ಮೇಲೆ ಅಧ್ಯಯನ ರಜೆ ಕೇಳಬಹುದು. ಸಹ ಪ್ರಾಧ್ಯಾಪಕರಾಗಿಯೋ ಪ್ರಾಧ್ಯಾಪಕರಾಗಿಯೋ ಏಳು ವರ್ಷ ಕಳೆದರೆ ಸಬ್ಯಾಟಿಕಲ್ (ಪಾಠದಿಂದ ಬಿಡುವು ಪಡೆದು ಸಂಶೋಧನೆ ಮಾಡುವ ರಜೆ), ಒಂದು ಸಲಕ್ಕೆ ಒಂದು ವರ್ಷ, ಇಡೀ ಸೇವೆಯಲ್ಲಿ ಎರಡು ವರ್ಷ. ಅತಿಥಿ ಉಪನ್ಯಾಸಕರಿಗೆ ಇದು ಯಾವುದೂ ಇಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಅನ್ಯಾಯ. ಆ ಸ್ಥಿತಿಯಲ್ಲಿ ಇರುವವರು ಹತ್ತಿರದ ಜಾಗ ಹಿಡಿಯುವುದೇ ಒಳ್ಳೆಯದು.

ದುಡ್ಡಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ, ಅಂದರೆ ಐಸಿಎಸ್‌ಎಸ್‌ಆರ್‌ನ, ಸಣ್ಣ ಮತ್ತು ದೊಡ್ಡ ಪ್ರಾಜೆಕ್ಟ್‌ಗಳಿಗೆ ಅರ್ಜಿ ಹಾಕಿ. ಬಜೆಟ್ಟಿನಲ್ಲಿ ದುಭಾಷಿ, ಊರಿನ ಕೂಟದ ಊಟ, ವರದಿಯ ಅನುವಾದ ಇವನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಮಾತಾಡಿದವರಿಗೆ ದುಡ್ಡು ಕೊಡಬೇಡಿ, ಆದರೆ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಆ ಕೂಲಿ ತುಂಬಿಕೊಡಿ.

ಬರೆಯುವುದು

ಬಡ್ತಿಗೆ ಇಂಗ್ಲಿಷ್ ಜರ್ನಲ್ಲುಗಳಲ್ಲಿ ಬರೆಯಲೇಬೇಕು. ಯುಜಿಸಿ ತಾನು ಒಪ್ಪಿದ ಜರ್ನಲ್ಲುಗಳ ಪಟ್ಟಿಯನ್ನು, ಅಂದರೆ ಕೇರ್ ಪಟ್ಟಿಯನ್ನು, 2025ರಲ್ಲಿ ಕೈಬಿಟ್ಟಿದೆ, ಹಾಗಾಗಿ ಯಾವ ಜರ್ನಲ್ ಒಳ್ಳೆಯದು ಎಂಬ ಜವಾಬ್ದಾರಿ ಈಗ ನಿಮ್ಮದೇ. ದುಡ್ಡು ಕೊಟ್ಟರೆ ವಾರದಲ್ಲಿ ಹಾಕುತ್ತೇವೆ ಅನ್ನುವವರ ಕಡೆ ತಲೆ ಹಾಕಬೇಡಿ. ಜೊತೆಗೆ ಕನ್ನಡದಲ್ಲೂ ಬರೆಯಿರಿ. ನಿಮ್ಮ ವಿದ್ಯಾರ್ಥಿಗಳ ಅಪ್ಪ ಅಮ್ಮ ಓದುವುದು ಅದನ್ನೇ.

ಎಲ್ಲಕ್ಕಿಂತ ಮೊದಲು ಊರಿನವರಿಗೆ ಅವರ ಭಾಷೆಯಲ್ಲಿ ಎರಡು ಪುಟ ಬರೆದು ಕೊಡಿ. ಏನು ಕೇಳಿದಿರಿ, ಏನು ಅರ್ಥವಾಯಿತು, ಏನನ್ನು ಹೊರಗೆ ಬರೆಯುತ್ತೀರಿ. ಅವರು ಓದಿ "ಈ ಸಾಲು ಬೇಡ, ಇದರಿಂದ ನಮಗೆ ತೊಂದರೆ" ಎಂದರೆ ಆ ಸಾಲು ತೆಗೆಯಿರಿ. ಅದು ನಿಮ್ಮ ಲೇಖನದ ಅತ್ಯುತ್ತಮ ಸಾಲಾಗಿದ್ದರೂ ತೆಗೆಯಿರಿ.

ಹೋಗಬಾರದ ಸಮಯ

ಗಲಾಟೆ ಮತ್ತೆ ಶುರುವಾದಾಗ ಕಾಲು ಎಳೆಯುತ್ತದೆ. ಇಷ್ಟು ವರ್ಷ ಹೋಗಿದ್ದೇನೆ, ಈಗ ಹೋಗದಿದ್ದರೆ ಹೇಗೆ ಅನ್ನಿಸುತ್ತದೆ. ಆಗ ಅಲ್ಲಿನ ಇಬ್ಬರಿಗೆ ಫೋನ್ ಮಾಡಿ, ಎರಡೂ ಕಡೆಯ ಒಬ್ಬೊಬ್ಬರಿಗೆ. "ನಾನು ಬಂದರೆ ನಿಮಗೆ ಉಪಯೋಗವೋ, ಹೊರೆಯೋ?" ಎಂದು ನೇರವಾಗಿ ಕೇಳಿ. ಒಬ್ಬರು ಬೇಡ ಎಂದರೂ ಹೋಗಬೇಡಿ. ನಿಮ್ಮನ್ನು ಮನೆಯಲ್ಲಿ ಇಟ್ಟುಕೊಂಡವರ ಮೇಲೆ ಊರಿನವರ ಕಣ್ಣು ಬೀಳುತ್ತದೆ. ನಿಮ್ಮ ಜೊತೆ ಓಡಾಡಿದ ದುಭಾಷಿಯನ್ನು ಆಮೇಲೆ ಯಾರೋ ತಡೆದು ಕೇಳುತ್ತಾರೆ.

ಅಂಥ ದಿನಗಳಲ್ಲಿ ಇಲ್ಲೇ ಕೆಲಸ ಇರುತ್ತದೆ. ಅಲ್ಲಿಂದ ಬಂದು ನಮ್ಮ ಊರಿನಲ್ಲಿ ದುಡಿಯುವವರು, ಓದುವವರು ಇದ್ದಾರೆ. ಅವರ ಪಿಜಿಗೆ, ಹಾಸ್ಟೆಲ್ಲಿಗೆ ಹೋಗಿ. ಸುಳ್ಳು ಸುದ್ದಿ ಹರಡುತ್ತಿದ್ದರೆ ಏನು ನಿಜ ಎಂದು ನೀವೇ ಅಲ್ಲಿನವರಿಂದ ತಿಳಿದು ಹೇಳಿ, ನಿಮ್ಮ ನಂಬರ್ ಕೊಡಿ, ಬೇಕಾದರೆ ಠಾಣೆಗೆ ಜೊತೆಯಲ್ಲಿ ಹೋಗಿ. ಊರು ತಣ್ಣಗಾಯಿತು, ಬನ್ನಿ ಎಂದು ಅಲ್ಲಿಂದ ಫೋನ್ ಬಂದ ಮೇಲೆ ಟಿಕೆಟ್ ಮಾಡಿಸಿ.